ಜಡೆ ಇಳಿದ ಮೇಲೆ

ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ ಫಕೀರಪ್ಪ. ಹೆಸರು ಹಿಡಿದೇ ಹೇಳುತ್ತೇನೆ, ಏಕೆಂದರೆ ಅವರೂ ಆ ಮಾತನ್ನು ಮರೆಯಲ್ಲಿ ಆಡಲಿಲ್ಲ. ನಾನು ಏಳನೆಯ ಇಯತ್ತೆ ಪಾಸಾಗಿದ್ದೆ. ಹುಡುಗಿಯನ್ನು ಮುಂದೆ ಓದಿಸಿ, ಡಿಗ್ರಿ ತನಕ ಹೋಗುತ್ತಾಳೆ ಎಂದು ಮಾಸ್ತರರು ಮನೆಗೆ ಹೇಳಿಕಳಿಸಿದ್ದರು. ಸುರೇಬಾನದ ನಮ್ಮ ಮನೆಯ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಅಡಿಕೆ ಕತ್ತರಿಸುತ್ತ, ನನ್ನ ಅಪ್ಪ ಮತ್ತು ಆಯಿಯ ಎದುರು ದೊಡ್ಡಪ್ಪ ಹೇಳಿದರು:

“ಜಡಿ ಬಂದ ಹುಡಿಗಿ ಡಿಗ್ರಿ ತಗೊಂಡದ್ದು ಯಾ ಊರಾಗರ ಕೇಳಿರೇನು? ಆಕಿ ದೇವರ ಪಾಲು. ದೇವರ ಪಾಲಿಂದು ಸಾಲಿಗೆ ಹೋಗಂಗಿಲ್ಲ. ಆಗದ ಮಾತು, ಬಿಡ್ರಿ.”

ಅಪ್ಪ ಅಣ್ಣನ ಮಾತಿಗೆ ಎದುರಾಡಿದ್ದನ್ನು ನಾನು ಎಂದೂ ಕಂಡವಳಲ್ಲ. ಆಯಿ, ಎಂದರೆ ಅಪ್ಪನ ತಾಯಿ, ಕಣ್ಣು ಮುಚ್ಚಿ ಕೈ ಮುಗಿದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಮಾತ್ರ ನಿಂತಿತು. ಅವ್ವನ ಕೈ ನಿಂತದ್ದೇ ಆ ದಿನ ಆ ಮನೆಯಲ್ಲಿ ನನ್ನ ಪರವಾಗಿ ಬಂದ ಒಂದೇ ಮಾತು.

ಮೊದಲು ಈ ಜಡೆಯ ಸಂಗತಿ ಹೇಳಬೇಕು. ಹೆಣೆದು ಹೂ ಮುಡಿಯುವ ಜಡೆಯಲ್ಲ ಇದು. ಕೂದಲು ತಾನೇ ಗಂಟುಗಟ್ಟಿ, ಬಿಗಿದುಕೊಂಡು, ತಲೆಯಿಂದ ಜೋತುಬೀಳುವ ಜಡೆ. ಸವದತ್ತಿ ಗುಡ್ಡದ ಎಲ್ಲಮ್ಮನಿಗೆ ನಡೆದುಕೊಳ್ಳುವ ನಮ್ಮಂಥ ಮನೆಗಳಲ್ಲಿ ಹೆಣ್ಣುಮಗಳ ತಲೆಯಲ್ಲಿ ಇಂಥದು ಕಂಡರೆ, ದೇವಿ ಆಕೆಯನ್ನು ಬೇಡಿದ್ದಾಳೆ ಎಂದು ಅರ್ಥ. ಮುಂದೆ ಆ ತಲೆಗೆ ಹಣಿಗೆ ಇಲ್ಲ, ಎಣ್ಣೆ ಇಲ್ಲ, ಕತ್ತರಿಯಂತೂ ಇಲ್ಲವೇ ಇಲ್ಲ. ಕತ್ತರಿಸಿದರೆ ರಕ್ತ ಕಾರಿ ಸಾಯುತ್ತಾರೆ ಎಂದು ನಂಬಿಕೆ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಮೈತುಂಬ ದಡಾರ ಎದ್ದಿತು. ಮೈಮೇಲೆ ದೇವಿ ಬಂದಿದ್ದಾಳೆ ಎಂದು ತಲೆಗೆ ನೀರು ಹಾಕಲಿಲ್ಲ, ಬಾಚಲಿಲ್ಲ. ಬೇವಿನ ಸೊಪ್ಪಿನ ಮೇಲೆ ಹೊರಳಾಡಿ ಹೊರಳಾಡಿ ಎದ್ದಾಗ ಹಿಂದಲೆಯ ಕೂದಲು ಉಂಡೆಯಾಗಿತ್ತು. ಅವ್ವ ನನ್ನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿಕೊಂಡು, ಎಣ್ಣೆ ಸುರಿದು, ತುದಿಯಿಂದ ಎಳೆ ಎಳೆಯಾಗಿ ಬಿಡಿಸತೊಡಗಿದ್ದಳು. ಅರ್ಧ ಬಿಟ್ಟಿತ್ತು. ಅಷ್ಟರಲ್ಲಿ ಆಯಿ ಹಿತ್ತಲಿನಿಂದ ಬಂದಳು.

“ಕೈ ತಗಿ ಗಂಗವ್ವ. ಅದು ಗಂಟಲ್ಲ, ಜಡಿ.”

“ಗಂಟ ಐತ್ರಿ ಅತ್ತಿ. ನೋಡ್ರಿ, ಬಿಡಾಕತ್ತೈತಿ.”

“ಬಿಡಾಕತ್ತಿಲ್ಲ, ನೀ ಹರಿಯಾಕತ್ತಿ. ನಾಳೆ ಮನ್ಯಾಗ ಏನರ ಆದ್ರ ಹೊಣಿ ಯಾರು, ನೀನೇನು?”

ಹೊಣೆ ಎಂಬ ಮಾತು ಬಂದರೆ ಆ ಮನೆಯ ಯಾವ ಸೊಸೆಯ ಕೈಯೂ ನಿಲ್ಲಬೇಕು. ನಿಂತಿತು. ಸಂಜೆಗೆ ಎಲ್ಲಮ್ಮನ ಸೇವೆಗೆ ಬಿಟ್ಟ ಜೋಗತಿ ಬಂದು ಹಿಂದಲೆಗೆ ಭಂಡಾರದ ಅರಿಶಿನ ಹಚ್ಚಿ “ಉಧೋ” ಎಂದು ದೇವಿಯನ್ನು ಕೂಗಿದಳು. ಇನ್ನಷ್ಟು ಹೊತ್ತು ಸಿಕ್ಕಿದ್ದರೆ ಹಣಿಗೆಗೆ ಮುಗಿಯುತ್ತಿದ್ದ ಕೆಲಸ ಅಂದಿನಿಂದ ನನ್ನ ಹಣೆಬರಹವಾಯಿತು.

ನನ್ನ ಹಾಸಿಗೆ ಅವ್ವನ ಮಗ್ಗುಲಿನಿಂದ ದೇವರ ಖೋಲಿಗೆ ಹೋಯಿತು. ಕಿಟಕಿಯಿಲ್ಲದ ಖೋಲಿ. ಜೋಳದ ಚೀಲಗಳು, ದೇವಿಯ ಮೂರ್ತಿಯನ್ನು ಇಟ್ಟು ಹೊರುವ ಬುಟ್ಟಿ, ಎಣ್ಣೆಯ ಕಮಟು. ಮಂಗಳವಾರ, ಶುಕ್ರವಾರ ನನಗೆ ಮೊದಲ ಊಟ. ಗಂಡಸರಿಗಿಂತ ಮೊದಲು, ಬಾಳೆಲೆಯಲ್ಲಿ, ಕಡುಬು, ಸಜ್ಜಕ, ತುಪ್ಪ. ಓಣಿಯ ಹೆಂಗಸರು ಬಂದು ಕಾಲು ಮುಟ್ಟುತ್ತಿದ್ದರು. ದೊಡ್ಡಪ್ಪನೂ ಬಗ್ಗಿ ಮುಟ್ಟುತ್ತಿದ್ದರು, ಅವರ ಮೀಸೆ ನನ್ನ ಕಾಲಿಗೆ ತಾಗುತ್ತಿತ್ತು. ಬುಧವಾರ ಬೆಳಗಾದರೆ ಅದೇ ದೊಡ್ಡಪ್ಪ, “ಏ, ಶಗಣಿ ಬಳಿಯೋದು ಬಿಟ್ಟು ಎಲ್ಲಿ ಸತ್ತೀ?” ಎಂದು ಒದರುತ್ತಿದ್ದರು. ನನಗೆ ಸಿಟ್ಟು ಬರುತ್ತಿದ್ದದ್ದು ಶಗಣಿಗೆ ಅಲ್ಲ. ನಿನ್ನೆ ಇವರು ಯಾರ ಕಾಲು ಮುಟ್ಟಿದರು, ಇಂದು ಯಾರನ್ನು ಬೈಯುತ್ತಿದ್ದಾರೆ, ಇಬ್ಬರಲ್ಲಿ ನಾನು ಯಾರು ಎಂಬುದು ತಿಳಿಯುತ್ತಿರಲಿಲ್ಲ. ಆ ಪ್ರಶ್ನೆ ಹೊಕ್ಕ ಮೇಲೆ ನನಗೆ ಒಂದು ಕಡೆ ಕೂರುವುದು ಆಗದಾಯಿತು. ಪಡಸಾಲೆಯಿಂದ ಹಿತ್ತಲು, ಹಿತ್ತಲಿನಿಂದ ಬಣವೆ, ಬಣವೆಯಿಂದ ಮತ್ತೆ ಪಡಸಾಲೆ. “ಕಾಲಿಗೆ ಚಕ್ರ ಕಟಗೊಂಡಾಳ” ಎಂದು ಆಯಿ ಬೈಯುತ್ತಿದ್ದಳು, ಬೈದ ಮೇಲೆ ದೇವಿಗೆ ಬೈದಂತಾಯಿತೇನೋ ಎಂದು ಗಲ್ಲ ಬಡಿದುಕೊಳ್ಳುತ್ತಿದ್ದಳು.

ಹೆಸರೂ ಹೋಯಿತು. ನೀಲವ್ವ ಎನ್ನುವವರೇ ಇಲ್ಲ, ಎಲ್ಲರಿಗೂ ನಾನು ಜಡೆವ್ವ. ಶಾಲೆಯಲ್ಲಿ ಹುಡುಗಿಯರು ನನ್ನ ಪಕ್ಕ ಕೂರಲು ಅಂಜುತ್ತಿದ್ದರು. ಪರೀಕ್ಷೆ ಬಂದರೆ ಮಾತ್ರ ಸಾಲಾಗಿ ಬಂದು, “ಜಡೆವ್ವಾ, ನಮ್ಮನ್ನ ಪಾಸ ಮಾಡಸಬೇ” ಎಂದು ಕಾಲು ಹಿಡಿಯುತ್ತಿದ್ದರು. ಅವರೆಲ್ಲ ಗಣಿತದಲ್ಲಿ ಪಾಸಾಗುತ್ತಿದ್ದರು, ಕಾಲು ಹಿಡಿಸಿಕೊಂಡ ನಾನು ಹೇಗೋ ದಾಟುತ್ತಿದ್ದೆ. ಜಡೆ ಮಾತ್ರ ಬೆಳೆಯುತ್ತ ಹೋಯಿತು. ಬೇಸಿಗೆಯಲ್ಲಿ ಅದರ ಕೆಳಗೆ ಬೆವರು ನಿಂತು, ಕುತ್ತಿಗೆಗೆ ಹುಣ್ಣಾಗಿ, ತುರಿಕೆ ಎಂದರೆ ಗೋಡೆಗೆ ತಲೆ ತಿಕ್ಕಬೇಕು ಎನ್ನುವಷ್ಟು. ಆದರೆ ತುರಿಸುತ್ತದೆ ಎಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ. ದೇವರ ಜಡೆ ತುರಿಸುವುದೇ? ಒಮ್ಮೆ ಹೇಳಿದ್ದೆ. ಮಡಿ ಕೆಡಿಸಿದ್ದೀ ಎಂದು ಆಯಿ ಒಂದೊಪ್ಪತ್ತು ಉಪವಾಸ ಹಾಕಿದಳು. ಅಲ್ಲಿಂದ ಬಾಯಿ ಕಟ್ಟಿಕೊಂಡೆ.

ದೊಡ್ಡಪ್ಪ ಆಗದ ಮಾತು ಎಂದ ಆ ಬೇಸಿಗೆಯಲ್ಲೇ ಹುಣ್ಣು ಕೀವಾಯಿತು, ಜ್ವರ ಬಂತು. ಅವ್ವ ಔಷಧಕ್ಕೆ ಎಂದು ಹೇಳಿ ನನ್ನನ್ನು ಬೈಲಹೊಂಗಲಕ್ಕೆ, ತನ್ನ ತಂಗಿಯ ಮನೆಗೆ ಕರೆದುಕೊಂಡು ಹೋಗಿ, ವಾಸಿಯಾಗುವ ತನಕ ಇರಲಿ ಎಂದು ಅಲ್ಲಿ ಬಿಟ್ಟು ಊರಿಗೆ ಮರಳಿದಳು. ಈ ಚಿಗವ್ವ ಗಂಡನೊಂದಿಗೆ ಕ್ರೈಸ್ತಳಾದ ಮೇಲೆ ನಮ್ಮ ಮನೆಗೆ ಬರುವುದು ಹೋಗುವುದು ಕಡಿಮೆಯಾಗಿತ್ತು. ದೊಡ್ಡಪ್ಪನ ಎದುರು ಆಕೆಯ ಹೆಸರು ಎತ್ತುವಂತಿರಲಿಲ್ಲ. ಹತ್ತಿ ಗಿರಣಿಯ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ತಗಡಿನ ಮನೆ. ಮುಂದಿನ ಖೋಲಿಯಲ್ಲಿ ಚಿಗವ್ವನ ಗಂಡ ಕಾಕಾನ ಹೊಲಿಗೆ ಮಷೀನು, ಅದರ ಸುತ್ತ ಅರಿವೆಯ ಚೂರು. ಹಿಂದಿನ ಖೋಲಿಯಲ್ಲಿ ಒಲೆ, ಹಾಸಿಗೆ, ಎಲ್ಲ. ದೇವರ ಖೋಲಿ ಎಂಬುದೇ ಇಲ್ಲ. ನಾನು ಬಂದ ದಿನ ಅದನ್ನೇ ಕೇಳಿದೆ, ದೇವರು ಎಲ್ಲಿ ಮಲಗುತ್ತಾನೆ ಎಂದು. ಕಾಕಾ ಬಾಯಲ್ಲಿದ್ದ ದಾರ ಉಗುಳಿ ನಕ್ಕ. “ನಮಗ ಜಾಗಾ ಇಲ್ಲಬೇ ತಂಗಿ, ಆತ ಎಲ್ಲೆರ ಅಡ್ಜಸ್ಟ್ ಮಾಡಕೊಂಡಾನ.”

ಊಟಕ್ಕೆ ಮೊದಲು ಅವರ ಮನೆಯಲ್ಲಿ ಒಂದು ರೂಢಿ. ಎಲ್ಲರೂ ಗೋಲಾಗಿ ಕೂತು, ರೊಟ್ಟಿಯ ಬುಟ್ಟಿ ನಡುವೆ ಇಟ್ಟುಕೊಂಡು, ಒಬ್ಬರಾದ ಮೇಲೆ ಒಬ್ಬರು ಬಾಯಿಬಿಟ್ಟು ಪ್ರಾರ್ಥನೆ ಮಾಡಬೇಕು. ಮಂತ್ರ ಇಲ್ಲ, ಹಾಡು ಇಲ್ಲ, ಮನೆಯ ಮಾತು. ಕಾಕಾ ಕಣ್ಣು ಮುಚ್ಚಿ, “ತಂದೀ, ಮಷೀನಿನ ಪಟ್ಟಿ ಹರದೈತಿ, ನಾಳಿಗೆ ಲಗ್ನದ ಅರಬಿ ಕೊಡೋದೈತಿ, ನೋಡಪಾ” ಎನ್ನುತ್ತಿದ್ದ. ಚಿಗವ್ವ, “ಪಲ್ಯಾಕ್ಕ ಉಪ್ಪ ಹೆಚ್ಚಾಗೈತಿ, ಉಣ್ಣಾವರಿಗೆ ಸಿಟ್ಟ ಬರದಂಗ ಮಾಡು” ಎನ್ನುತ್ತಿದ್ದಳು. ದೇವರ ಜತೆ ಇಷ್ಟು ಸದರವಾಗಿ ಮಾತಾಡಿದವರನ್ನು ನಾನು ಕಂಡಿರಲಿಲ್ಲ. ಆಮೇಲೆ ಇಬ್ಬರೂ ನನ್ನ ಹೆಸರು ಹಿಡಿದು ಬೇಡುತ್ತಿದ್ದರು: ನೀಲವ್ವನ ಜ್ವರ, ನೀಲವ್ವನ ಕುತ್ತಿಗೆ. ಎಷ್ಟೋ ದಿನಗಳ ಮೇಲೆ ನನ್ನ ಹೆಸರು ಕೇಳಿ ನಾನೇ ಬೆಚ್ಚಿದೆ. ನನ್ನ ಪಾಳಿ ಬಂದಾಗ ಸುಮ್ಮನಿರುತ್ತಿದ್ದೆ. ಅವರು ಸ್ವಲ್ಪ ಹೊತ್ತು ಕಾಯುತ್ತಿದ್ದರು, ನಾನು ಮಾತಾಡದಿದ್ದರೆ ಆಮೆನ್ ಎಂದು ರೊಟ್ಟಿ ಹಂಚುತ್ತಿದ್ದರು. ಆ ಕಾಯುವಿಕೆ ನನಗೆ ತಡೆಯಲಾಗುತ್ತಿರಲಿಲ್ಲ. ಸಂಜೆಯಾದರೆ ನೀರಿನ ನೆಪ ಹೇಳಿ ಬೀದಿ ನಲ್ಲಿಗೆ ಓಡುತ್ತಿದ್ದೆ. ನಾನು ಬರುವ ತನಕ ಅವರು ರೊಟ್ಟಿ ಮುಟ್ಟುತ್ತಿರಲಿಲ್ಲ.

ಒಂದು ಸಂಜೆ ಓಡಲಿಲ್ಲ. ಸೆಕೆ ವಿಪರೀತ, ತಲೆಯೊಳಗೆ ಇರುವೆ ಹರಿದಾಡಿದ ಹಾಗೆ. ಪಾಳಿ ಬಂತು. ನನ್ನ ಬಾಯಿಂದ ಒಂದೇ ಮಾತು ಹೊರಬಿತ್ತು:

“ತುರಸ್ತೈತಿ.”

ಯಾರೂ ನಗಲಿಲ್ಲ. ಕಾಕಾ ಮುಚ್ಚಿದ ಕಣ್ಣು ತೆರೆಯದೆ, “ಹೌದು ತಂದೀ, ಹುಡಿಗಿಗೆ ಬಾಳ ತುರಸ್ತೈತಿ” ಎಂದ. ಚಿಗವ್ವ “ಆಮೆನ್” ಎಂದಳು. ನಾನು ಅಳುತ್ತ ರೊಟ್ಟಿ ತಿಂದೆ. ನನ್ನ ನಂಬಿಕೆ ಎಲ್ಲಿಂದ ಶುರುವಾಯಿತು ಎಂದು ಇಂದಿಗೂ ಕೇಳುವವರಿದ್ದಾರೆ. ಬೆಳಕು ಕಾಣಲಿಲ್ಲ, ಧ್ವನಿ ಕೇಳಲಿಲ್ಲ. ನನ್ನ ತುರಿಕೆಯನ್ನು ದೇವರ ಮುಂದೆ ಇಡಬಹುದು, ಅದು ಅವನಿಗೆ ಹೊಲಸಲ್ಲ, ತಪ್ಪೂ ಅಲ್ಲ ಎಂದು ಆ ರೊಟ್ಟಿಯ ಬುಟ್ಟಿಯ ಮುಂದೆ ತಿಳಿಯಿತು, ಅಷ್ಟೇ. ಯೇಸು ನನಗೆ ಹಾಗೆ ಪರಿಚಯವಾದವನು, ನಾನು ಮಾತಾಡುವ ತನಕ ಊಟ ಬಿಟ್ಟು ಕಾಯುವ ಮನೆಯ ಹಿರಿಯನ ಹಾಗೆ.

ಮರುದಿನವೇ ಚಿಗವ್ವನಿಗೆ ಕೇಳಿದೆ, ನೀನೇ ಯಾಕೆ ಇದನ್ನು ಕತ್ತರಿಸಬಾರದು ಎಂದು. ಮನೆಯಲ್ಲಿ ಕತ್ತರಿಗಳಿಗೆ ಬರವಿರಲಿಲ್ಲ.

“ನಾ ಮುಟ್ಟಾಂಗಿಲ್ಲ. ನಿನ್ನ ಕೇಳದ ಅವರು ಜಡಿ ಅಂದ್ರು. ನಿನ್ನ ಮಾತ ಗಟ್ಟಿ ಆಗೋಕ ಮೊದಲ ನಾ ಕತ್ತರಸಿದ್ರ, ಅವರಿಗೂ ನನಗೂ ಏನ ಫರಕ? ತೆಲಿ ನಿಂದು. ಅಂಜಿಕಿ ಹೋಗಲಿ, ಆಮ್ಯಾಲ ಹೇಳು.”

ಅಂಜಿಕೆ ಹೋಗಲಿಲ್ಲ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಮಳೆಗಾಲ ಕಳೆಯಿತು. ರಕ್ತ ಕಾರುವ ಕನಸು ಬೀಳುತ್ತಿತ್ತು. ಪ್ರಾರ್ಥನೆಯಲ್ಲಿ ನಾನೂ ಈಗ ಮಾತಾಡುತ್ತಿದ್ದೆ, ದಿನಾ ಅದೇ ಮಾತು, ಅಂಜಿಕೆ ತೆಗಿ, ಅಂಜಿಕೆ ತೆಗಿ. ಕೊನೆಗೆ ಅಂಜಿಕೆ ಇದ್ದ ಹಾಗೆಯೇ ಹೇಳಿದೆ. ಚಿಗವ್ವ ಅವ್ವನಿಗೆ ಹೇಳಿಕಳಿಸಿದಳು. ಅವ್ವ ಬಸ್ಸು ಹತ್ತಿ ಒಬ್ಬಳೇ ಬಂದಳು. ಬಂದವಳೇ ನನ್ನನ್ನು ಅಂಗಳದ ಕಲ್ಲಿನ ಮೇಲೆ ಕೂರಿಸಿ, ಕಾಕಾನ ದೊಡ್ಡ ಕತ್ತರಿ ಕೇಳಿದಳು. ಚಿಗವ್ವ, “ಅಕ್ಕಾ, ನಾ ಮಾಡ್ಲೇನು?” ಎಂದಳು. ಅವ್ವ ತಲೆ ಅಲ್ಲಾಡಿಸಿದಳು.

“ಅವತ್ತ ಅರ್ಧಕ್ಕ ಬಿಟ್ಟಾಕಿ ನಾನು. ನಾನ ಮುಗಸ್ತೇನಿ.”

ಕತ್ತರಿ ಸುಲಭವಾಗಿ ಹೋಗಲಿಲ್ಲ. ಅವ್ವ ಎರಡೂ ಕೈಯಿಂದ ಒತ್ತಿದಳು, ಬಾಯಲ್ಲಿ “ತಾಯಿ ಎಲ್ಲವ್ವ, ಸಿಟ್ಟಾಗಬ್ಯಾಡವ್ವ” ಎನ್ನುತ್ತಿದ್ದಳು. ಆಚೆ ಕಾಕಾ “ತಂದೀ, ತಂದೀ” ಎಂದು ತನ್ನ ದೇವರನ್ನು ಕರೆಯುತ್ತಿದ್ದ. ನಡುವೆ ನಾನು ಹಲ್ಲು ಕಚ್ಚಿ ಕೂತಿದ್ದೆ. ಜಡೆ ಕಲ್ಲಿನ ಮೇಲೆ ಬಿದ್ದಾಗ ತಲೆ ಹಗುರಾಗಿ, ತೂಕ ತಪ್ಪಿ, ನಾನು ಮುಂದಕ್ಕೆ ಮುಗ್ಗರಿಸಿದೆ. ರಕ್ತ ಬರಲಿಲ್ಲ. ಬಂದದ್ದು ಸೀನು. ಹುಣ್ಣು ಆರಲೆಂದು ಉಳಿದ ಕೂದಲನ್ನೂ ಅವ್ವ ಬುಡದ ತನಕ ಕತ್ತರಿಸಿದಳು. ಅವ್ವ ಜಡೆಯನ್ನು ಹೊಸ ಖಣದಲ್ಲಿ ಸುತ್ತಿ, ಕುಂಕುಮ ಹಚ್ಚಿ, ಮರಳಿ ಹೋಗುವಾಗ ರಾಮದುರ್ಗದಲ್ಲಿ ಇಳಿದು ಮಲಪ್ರಭೆಗೆ ಬಿಟ್ಟಳಂತೆ. ಅವಳು ಇಂದಿಗೂ ಗುಡ್ಡಕ್ಕೆ ಹೋಗುತ್ತಾಳೆ. ನನಗೂ ದೇವಿಗೂ ಜಗಳವಿಲ್ಲ. ನನ್ನ ಜಗಳ ಇದ್ದದ್ದು ನನ್ನ ತಲೆ ನನ್ನದಲ್ಲ ಎಂದವರ ಜತೆ.

ಆ ವಾರ ಊರಲ್ಲಿ ನಮ್ಮ ಕರು ಸತ್ತಿತು. ಸಾಕಲ್ಲ! ಜಡೆ ಕತ್ತರಿಸಿದ ಫಲ ಇದು ಎಂದು ದೊಡ್ಡಪ್ಪ ಬೈಲಹೊಂಗಲದ ತನಕ ಬಂದು, ಓಣಿ ಕೂಡುವಂತೆ ಕೂಗಾಡಿದರು. ಮನೆಯ ಹೊಸ್ತಿಲು ತುಳಿಯಬೇಡ ಎಂದರು. ಕಾಕಾ ಅವರಿಗೆ ನೀರು ಕೊಟ್ಟ, ಕುಡಿಯಲಿಲ್ಲ. ಹೀಗಾಗಿ ಚಿಗವ್ವನ ಮನೆಯೇ ನನ್ನ ಮನೆಯಾಯಿತು. ಒಂದು ವರ್ಷ ಹೋಗಿತ್ತು, ಮುಂದಿನ ಜೂನ್ ಬಂದಾಗ ಅಲ್ಲಿಯೇ ಎಂಟನೆಯ ಇಯತ್ತೆಗೆ ಹೆಸರು ಹಚ್ಚಿದರು. ಬೆಳಿಗ್ಗೆ ನೀರು, ಕಸ, ಕಾಕಾನ ಅಂಗಿಗಳಿಗೆ ಗುಂಡಿ ಹಚ್ಚುವುದು, ಆಮೇಲೆ ಶಾಲೆ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಮ್ಮ ಪ್ರಾರ್ಥನಾ ಮನೆಯ ಪಾಸ್ಟರರು ಒಳ್ಳೆಯವರು, ಆದರೆ ನನ್ನ ಬೋಳು ತಲೆ ಕಂಡು ಅವರಿಗೆ ಉತ್ಸಾಹ ಉಕ್ಕಿತು. ಕೂಟ ಇದ್ದಲ್ಲೆಲ್ಲ ನನ್ನನ್ನು ಕರೆದುಕೊಂಡು ಹೋಗಿ ಸಾಕ್ಷಿ ಹೇಳಿಸುವರು. ಸಾಕ್ಷಿ ಎಂದರೆ ದೇವರು ನನಗೆ ಏನು ಮಾಡಿದ ಎಂದು ಜನರ ಮುಂದೆ ನಿಂತು ಹೇಳುವುದು. ನನ್ನ ತಲೆಯ ಮೇಲೆ ಕೈಯಿಟ್ಟು “ಇಗೋ ನೋಡ್ರಿ, ಇದ ಆ ತೆಲಿ” ಎನ್ನುವರು. ಕೂಟ ಮುಗಿದ ಮೇಲೆ ಹೆಂಗಸರು ಬಂದು ನನ್ನ ತಲೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವರು. ಮೊದಲು ಕಾಲು, ಈಗ ತಲೆ. ಕೂದಲು ಬೆಳೆದು ಕಿವಿ ಮುಚ್ಚಿದಾಗ, ಇನ್ನೊಂದು ಸ್ವಲ್ಪ ದಿನ ಸಣ್ಣಗೆ ಇಟ್ಟುಕೊಂಡರೆ ಚೆನ್ನ ಎಂದು ಪಾಸ್ಟರರು ಚಿಗವ್ವನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಇವರೂ ನನ್ನನ್ನು ನೋಡುತ್ತಿಲ್ಲ, ತಲೆಯನ್ನು ನೋಡುತ್ತಿದ್ದಾರೆ. ಯೇಸುವನ್ನೇ ಬಿಡಬೇಕೆನಿಸಿತು. ಆದರೆ ಸಂಜೆಯ ಪಾಳಿಯಲ್ಲಿ ಅದನ್ನೂ ಅವನಿಗೇ ಹೇಳಿದೆ: “ನಿನ್ನ ಮಂದಿ ಮ್ಯಾಲ ನನಗ ಸಿಟ್ಟ ಬಂದೈತಿ.” ಕಾಕಾ “ಆಮೆನ್” ಎಂದ, ಸ್ವಲ್ಪ ಜೋರಾಗಿಯೇ.

ಮುಂದಿನ ಕೂಟ ಕಿತ್ತೂರಿನಲ್ಲಿ, ಹೆದ್ದಾರಿ ಪಕ್ಕದ ಒಂದು ಶೆಡ್ಡಿನಲ್ಲಿ. ಲಾರಿಗಳ ಸದ್ದಿಗೆ ಮೈಕು ಕೇಳುತ್ತಿರಲಿಲ್ಲ. ನನ್ನನ್ನು ಕರೆದರು. ಹೋಗಿ ನಿಂತೆ. ಪಾಸ್ಟರರ ಕೈ ತಲೆಯ ಕಡೆ ಬಂದಾಗ ಒಂದು ಹೆಜ್ಜೆ ಸರಿದೆ.

“ನನ್ನ ಹೆಸರು ನೀಲವ್ವ. ಎಂಟನೇತ್ತಾ ಓದಾಕತ್ತೇನಿ. ಇಂಗ್ಲಿಷ್ ಅಡ್ಡಿಯಿಲ್ಲ, ಗಣಿತದಾಗ ನಪಾಸಾಗೇನಿ. ನನಗೋಸ್ಕರ ಪ್ರಾರ್ಥನಾ ಮಾಡೋರಿದ್ರ ಗಣಿತಕ್ಕ ಮಾಡ್ರಿ. ನನ್ನ ತೆಲಿ ಆರಾಮೈತಿ.”

ಹೇಳಿ ಬಂದು ಕೂತೆ. ಹಿಂದಿನ ಸಾಲಿನಲ್ಲಿ ಯಾರೋ ಗೊಳ್ಳೆಂದು ನಕ್ಕರು. ಹಿಂದಿರುಗುವಾಗ ಟೆಂಪೋದಲ್ಲಿ ಪಾಸ್ಟರರು ಮುಖ ಗಂಟಿಕ್ಕಿ, “ದೇವರ ಮಹಿಮಾ ಹೇಳಂದ್ರ ಗಣಿತ ಹೇಳ್ಯಾಳಲ್ಲ” ಎಂದರು. ಕಾಕಾ, “ಆಕಿಗೆ ಬೇಕಾದ್ದ ಕೇಳ್ಯಾಳ್ರಿ. ಮಹಿಮಾ ಇನ್ನೇನ ಇರತೈತಿ?” ಎಂದ. ನನ್ನೊಳಗೆ ಏನೋ ನೆಟ್ಟಗೆ ನಿಂತಿತ್ತು. ಮುಂದೆ ದೀಕ್ಷಾಸ್ನಾನದ ಹೊತ್ತಿಗೆ ಹೊಸ ಹೆಸರು ಯಾವುದು ಇಡೋಣ ಎಂದು ಪಾಸ್ಟರರು ಕೇಳಿದಾಗ, ನೀಲವ್ವನೇ ಇರಲಿ ಎಂದೆ, ಯೇಸು ನನ್ನನ್ನು ಆ ಹೆಸರಿನಿಂದಲೇ ಬಲ್ಲ. ಆಮೇಲೆ ಅದೇ ಹೆಸರು ಹೇಳಿ ನೀರಲ್ಲಿ ಮುಳುಗಿಸಿದರು.

ಓದು ಸುಮ್ಮನೆ ಬರಲಿಲ್ಲ. ಹತ್ತನೆಯದರಲ್ಲಿ ಗಣಿತ ಒಮ್ಮೆ ಕೈಕೊಟ್ಟಿತು, ಮತ್ತೆ ಕಟ್ಟಿ ಪಾಸಾದೆ. ಪಿಯುಸಿಯಲ್ಲಿ ಎರಡು ಜೊತೆ ಅರಿವೆ, ಎರಡನ್ನೂ ಕಾಕಾ ಚೂರು ಜೋಡಿಸಿ ಹೊಲಿದದ್ದು. ಬಿ.ಎ. ಓದುವಾಗ ಮಧ್ಯಾಹ್ನದ ತನಕ ಕಾಲೇಜು, ಆಮೇಲೆ ಮಷೀನು. ಕಾಲೇಜಿನಲ್ಲಿ ಕ್ರೈಸ್ತಳೆಂದು ಚುಡಾಯಿಸಿದವರಿದ್ದರು, ಜಡೆವ್ವ ಎಂದು ಗುರುತು ಹಿಡಿದು ಪಿಸುಗುಟ್ಟಿದವರೂ ಇದ್ದರು. ಆಗ ನಾನು ತಲೆ ತಗ್ಗಿಸದೆ ನನ್ನ ಹೆಸರು ಹೇಳುತ್ತಿದ್ದೆ. ನಮ್ಮ ಮನೆತನದಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವರೇ ಇರಲಿಲ್ಲ. ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ನಮ್ಮ ಪ್ರಾರ್ಥನಾ ಮನೆಯಲ್ಲಿ ಇನ್ನೊಂದು ರೂಢಿ ಇತ್ತು. ಯಾರ ಮಕ್ಕಳಿಗೆ ಯಾವ ಪ್ರಮಾಣಪತ್ರ ಬಂದರೂ, ಶಾಲೆಯವರು ಕೊಟ್ಟಿದ್ದರೂ, ಅದನ್ನು ಭಾನುವಾರ ತಂದು ಸಭೆಯ ಮುಂದೆ ಮತ್ತೊಮ್ಮೆ ಕೈಗಿಡಬೇಕು. ನನ್ನ ಬಿ.ಎ. ಪ್ರಮಾಣಪತ್ರವನ್ನು ಕಾಲೇಜಿನ ಗುಮಾಸ್ತರು ಕಿಟಕಿಯಿಂದ ತಳ್ಳಿದ್ದರು, ಮುಖ ಕೂಡ ನೋಡಿರಲಿಲ್ಲ. ಚಿಗವ್ವ ಊರಿಗೆ ಹೇಳಿಕಳಿಸಿದಳು. ಅವ್ವ ಬಂದಳು. ಅವಳ ಕೈ ಹಿಡಿದು ಆಯಿಯೂ ಬಂದಳು! ಮುಪ್ಪಾಗಿ ನಡು ಬಾಗಿತ್ತು. ಒಳಗೆ ಬರಲೊಲ್ಲೆ ಎಂದು ಬಾಗಿಲ ಪಕ್ಕದ ಕಟ್ಟೆಯ ಮೇಲೆ, ಎಲ್ಲ ಕಾಣುವ ಹಾಗೆ ಕೂತಳು.

ಯಾರ ಕೈಯಿಂದ ಕೊಡಿಸೋಣ ಎಂದು ಪಾಸ್ಟರರು ಈ ಸಲ ನನ್ನನ್ನೇ ಕೇಳಿದರು. ಅವ್ವ ಎಂದೆ. ಅವ್ವ ಸೆರಗು ಹೊದ್ದು ಮುಂದೆ ಬಂದಳು. ಕಾಗದವನ್ನು ತಲೆಕೆಳಗಾಗಿ ಹಿಡಿದಿದ್ದಳು, ಕಾಕಾ ಮೆಲ್ಲಗೆ ತಿರುಗಿಸಿ ಕೊಟ್ಟ. ಅವಳು ಅದನ್ನು ನನ್ನ ಕೈಗಿಟ್ಟಳು. ಪಾಸ್ಟರರು ಎರಡೂ ಕೈ ಎತ್ತಿ, “ನೋಡ್ರಿ, ಇದು ಯೇಸುಸ್ವಾಮಿ ಮಾಡಿದ್ದು!” ಎಂದರು. ಬಾಗಿಲ ಕಡೆಯಿಂದ ಆಯಿಯ ಧ್ವನಿ ಬಂತು: “ಅಲ್ಲಲ್ಲ, ನಮ್ಮ ಎಲ್ಲವ್ವ ಕಣ್ಣ ತೆರದಾಳ!” ಪಾಸ್ಟರರು ತಿರುಗಿ ನೋಡಿದರು, ಆಯಿ ಕಟ್ಟೆಯಿಂದ ಅರ್ಧ ಎದ್ದಳು. ಸಭೆಯಲ್ಲಿ ಗುಸುಗುಸು ಶುರುವಾಯಿತು. ನಾನು ಯಾರಿಗೆ ಋಣಿ ಎಂಬುದು ನನಗೆ ಗೊತ್ತಿತ್ತು, ಬೆಳಿಗ್ಗೆಯೇ ಅವನಿಗೆ ಹೇಳಿ ಬಂದಿದ್ದೆ. ಅವ್ವ ಒಮ್ಮೆ ಅತ್ತೆಯನ್ನು, ಒಮ್ಮೆ ಪಾಸ್ಟರರನ್ನು ನೋಡಿದಳು. ಸೆರಗು ನಡುವಿಗೆ ಸಿಕ್ಕಿಸಿದಳು.

“ಇಬ್ಬರೂ ಸುಮ್ಮನ ಕುಂದರ್ರಿ. ದೇವರ ದೇವರ ನಡುವಿನ ಮಾತು ಅವರ ನೋಡಕೋತಾರ. ಓದಿದಾಕಿ ನನ್ನ ಮಗಳು.”